ಹಲ್ಲು ಅಷ್ಟು ಗಟ್ಟಿಯಿದ್ದರೆ ಕುಟ್ಟಾಣಿ ಯಾಕಿತ್ತು?

ಎರಡು ಚಮಚ ಇದ್ದಿಲು ಪುಡಿ, ಒಂದು ಚಮಚ ಅಡುಗೆ ಸೋಡಾ, ಅರ್ಧ ನಿಂಬೆಹಣ್ಣಿನ ರಸ, ಕಲೆಸಿಕೊಳ್ಳಲು ಕೊಬ್ಬರಿ ಎಣ್ಣೆ, ಘಮಕ್ಕೆ ನಾಲ್ಕು ಲವಂಗ. ಕೆಳಗೆ ಕೈಮುಗಿದ ಚಿತ್ರ, ಅದರ ಕೆಳಗೆ ತಪ್ಪದೆ ಒಂದು ಸಾಲು: ನಮ್ಮ ಅಜ್ಜಿಯರು ಇದರಲ್ಲೇ ಹಲ್ಲುಜ್ಜಿ ತೊಂಬತ್ತರಲ್ಲೂ ಕಬ್ಬು ಸಿಗಿದು ತಿನ್ನುತ್ತಿದ್ದರು. ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಈ ‘ಮನೆಯಲ್ಲೇ ಮಾಡಿ ನೈಸರ್ಗಿಕ ಟೂತ್‌ಪೇಸ್ಟ್’ ಬಂದಾಗಲೆಲ್ಲ ಹೆಬ್ಬೆರಳು ಎತ್ತಿದ ಗುರುತುಗಳು ಸಾಲುಗಟ್ಟುತ್ತವೆ. ಹಾಗೆ ಹೆಬ್ಬೆರಳು ಎತ್ತಿದವರಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವರೂ ಇರುತ್ತಾರೆ ಎಂಬುದು ಬೇರೆಯೇ ಸಂಕಟ.

ಅಜ್ಜಿಯಿಂದಲೇ ಶುರು ಮಾಡೋಣ, ಏಕೆಂದರೆ ಈ ವಾದವೆಲ್ಲ ನಿಂತಿರುವುದು ಆಕೆಯ ಹಲ್ಲಿನ ಮೇಲೆ. ಹಳೆಯ ಮನೆಗಳಲ್ಲಿ ಎಲೆಅಡಿಕೆ ತಟ್ಟೆಯ ಪಕ್ಕ ಕಬ್ಬಿಣದ್ದೋ ಹಿತ್ತಾಳೆಯದೋ ಒಂದು ಪುಟ್ಟ ಕುಟ್ಟಾಣಿ ಇರುತ್ತಿತ್ತು. ಅಡಿಕೆ ಚೂರು, ಸುಣ್ಣ ಸವರಿದ ಎಲೆ ಅದರೊಳಗೆ ಹಾಕಿ ಟಣ್ ಟಣ್ ಎಂದು ಕುಟ್ಟಿ, ಮೆತ್ತಗಾದ ಮೇಲೆ ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಳ್ಳುವುದು ಅಜ್ಜ ಅಜ್ಜಿಯರ ಮಧ್ಯಾಹ್ನದ ಕೆಲಸ. ಕಬ್ಬು ಸಿಗಿಯುವಷ್ಟು ಹಲ್ಲಿದ್ದವರು ಅಡಿಕೆ ಕುಟ್ಟುತ್ತ ಕೂರುತ್ತಿದ್ದರೇ? ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹಲುಬಿದ್ದು ಟೂತ್‌ಪೇಸ್ಟ್ ಕಂಡ ಪೀಳಿಗೆಯಲ್ಲ. ಬೊಚ್ಚುಬಾಯಿ ಎಂದೊಡನೆ ನಮಗೆ ನೆನಪಾಗುವುದು ಮೊದಲು ಕೂಸು, ಆಮೇಲೆ ಅಜ್ಜಿ. ಎಂಬತ್ತರಲ್ಲೂ ಪೂರಾ ಹಲ್ಲಿದ್ದ ಒಬ್ಬ ಅಜ್ಜಿ ಊರಿಗೆಲ್ಲ ಸುದ್ದಿಯಾಗುತ್ತಿದ್ದಳು. ನಲವತ್ತಕ್ಕೇ ದವಡೆ ಹಲ್ಲು ಕೀಳಿಸಿಕೊಂಡವರ ಸುದ್ದಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಇಷ್ಟಾಗಿಯೂ ಹಿಂದಿನವರಲ್ಲಿ ಕೆಲವರಿಗೆ ಹುಳುಕು ಕಡಿಮೆಯಿದ್ದದ್ದು ನಿಜ. ಆದರೆ ಅದರ ಶ್ರೇಯಸ್ಸು ಸಲ್ಲಬೇಕಾದದ್ದು ಊಟದ ತಟ್ಟೆಗೆ, ಇದ್ದಿಲಿಗಲ್ಲ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದೇ 1930ರ ದಶಕದಲ್ಲಿ. ಮುದ್ದೆ, ಸೊಪ್ಪಿನ ಸಾರು, ಜೋಳದ ರೊಟ್ಟಿ ತಿಂದು ಕೈ ತೊಳೆದರೆ ಮುಂದಿನ ಊಟದವರೆಗೆ ಬಾಯಿಗೆ ಬಿಡುವು. ಸಿಹಿ ಹಬ್ಬಕ್ಕೆ. ಹೋಳಿಗೆ ತಿಂದರೂ ಊಟದ ಜೊತೆ ತಿಂದು ಮುಗಿಸುತ್ತಿದ್ದರೇ ಹೊರತು ದಿನವಿಡೀ ಚೀಪುತ್ತಿರಲಿಲ್ಲ.

ಈ ಬಿಡುವೇ ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಹಲ್ಲಿಗಂಟಿದ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲ ಮಾಡುತ್ತವೆ, ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹತ್ತು ಗಂಟೆಗೊಂದು ಕಾಫಿ, ಹನ್ನೊಂದೂವರೆಗೆ ಎರಡು ಬಿಸ್ಕತ್ತು, ಮೂರಕ್ಕೆ ಚಹಾ, ನಾಲ್ಕಕ್ಕೆ ಯಾರದೋ ಹುಟ್ಟುಹಬ್ಬದ ಕೇಕು: ಜೊಲ್ಲಿಗೆ ಕೆಲಸ ಮುಗಿಸಲು ಪುರುಸೊತ್ತೆಲ್ಲಿ? ಸ್ವೀಡನ್ನಿನ ವಿಪೆಹೋಲ್ಮ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ 1945ರಿಂದ ಹತ್ತು ವರ್ಷ ಇದನ್ನೇ ಪರೀಕ್ಷಿಸಿದರು. ರೋಗಿಗಳ ಒಪ್ಪಿಗೆ ಕೇಳದೆ ಅವರಿಗೆ ಅಂಟು ಟಾಫಿ ತಿನ್ನಿಸಿದ ನಾಚಿಕೆಗೇಡಿನ ಪ್ರಯೋಗ ಅದು. ತಿಳಿದದ್ದು ಮಾತ್ರ ಸ್ಪಷ್ಟ: ಊಟದ ಜೊತೆ ಸಕ್ಕರೆ ತಿಂದವರಿಗೆ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ, ಊಟಗಳ ನಡುವೆ ಟಾಫಿ ಜಗಿದವರ ಹಲ್ಲು ಹಾಳಾಯಿತು. ಅಜ್ಜಿಯ ಇದ್ದಿಲನ್ನು ಎತ್ತಿಕೊಂಡು ಆಕೆಯ ಊಟವನ್ನು ಬಿಟ್ಟುಬಿಡುವುದು ನಮಗೆ ಅನುಕೂಲ. ಇದ್ದಿಲು ಬಳಿದುಕೊಳ್ಳಬಹುದು, ಬಿಸ್ಕತ್ತು ಬಿಡುವುದು ಕಷ್ಟ.

ಇನ್ನು ಆ ಪೇಸ್ಟು. ಇದ್ದಿಲು ಹಲ್ಲನ್ನು ಬೆಳ್ಳಗೆ ಮಾಡುತ್ತದೆ ಎನ್ನುತ್ತಾರೆ. ಚಹಾ, ಕಾಫಿ, ಎಲೆಅಡಿಕೆಯ ಮೇಲುಮೇಲಿನ ಕಲೆಯನ್ನು ಕೆರೆದು ತೆಗೆಯುತ್ತದೆ, ಸುಳ್ಳಲ್ಲ. ಕಲೆ ಹೋದ ಮೇಲೂ ಕೆರೆತ ನಿಲ್ಲುವುದಿಲ್ಲ ಎಂಬುದೇ ತೊಂದರೆ. ಒಲೆಯಿಂದ ತೆಗೆದು ಕುಟ್ಟಿದ ಇದ್ದಿಲಿನಲ್ಲಿ ಬೂದಿ, ಮಣ್ಣು, ಮರಳಿನ ಕಣ ಎಲ್ಲವೂ ಸೇರಿರುತ್ತವೆ. ಭತ್ತದ ಹೊಟ್ಟು ಸುಟ್ಟ ಕರಿಯನ್ನಂತೂ ಕರಾವಳಿ ಕಡೆ ಈಗಲೂ ಹೊಗಳುತ್ತಾರೆ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಎಂದರೆ ಮರಳಿನಲ್ಲಿರುವುದೇ. ಚಿಟಿಕೆ ತೆಗೆದು ಹಳೆಯ ಸ್ಟೀಲ್ ತಟ್ಟೆಯ ಮೇಲೆ ಹೆಬ್ಬೆರಳಲ್ಲಿ ಒತ್ತಿ ಉಜ್ಜಿ ನೋಡಿ, ಗೀರು ಎಣಿಸಬಹುದು. ಎನಾಮಲ್ ಜಗಿಯುವ ಅಂಚಿನಲ್ಲಿ ಎರಡು ಎರಡೂವರೆ ಮಿಲಿಮೀಟರ್ ದಪ್ಪವಿದ್ದರೆ, ವಸಡಿನ ಹತ್ತಿರ ತೆಳುವಾಗುತ್ತ ಇಲ್ಲವೆನ್ನುವಷ್ಟಾಗುತ್ತದೆ. ಅದರಲ್ಲಿ ಜೀವಕೋಶಗಳಿಲ್ಲ, ಉಗುರಿನಂತೆ ಮತ್ತೆ ಬೆಳೆಯುವುದಿಲ್ಲ. ಅದು ಸವೆದ ಮೇಲೆ ಕಾಣುವುದು ಒಳಗಿನ ಡೆಂಟಿನ್, ಅದರ ಬಣ್ಣ ಹಳದಿ. ಬೆಳ್ಳಗಾಗಲೆಂದು ವರ್ಷಗಟ್ಟಲೆ ಉಜ್ಜಿದವರ ಹಲ್ಲು ಕೊನೆಗೆ ಹಳದಿಯಾಗುವುದು ಹೀಗೆ. ಜೊತೆಗೆ ತಣ್ಣೀರು ತಾಗಿದರೆ ಜುಮ್ಮೆನ್ನುವುದು ಕೊಸರು. ಸಿಮೆಂಟು ತುಂಬಿಸಿಕೊಂಡ ಹಲ್ಲಾದರೆ ಆ ಅಂಚಿನ ಸಂದಿಯಲ್ಲಿ ಕರಿ ಕೂತು ಸೂಜಿಯಲ್ಲಿ ಎಳೆದಂಥ ಕಪ್ಪುಗೆರೆ ಉಳಿಯುತ್ತದೆ. ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆ 2017ರಲ್ಲಿ ಇದ್ದಿಲು ಪೇಸ್ಟುಗಳ ಬಗ್ಗೆ ಬಂದ ಸಂಶೋಧನೆಯನ್ನೆಲ್ಲ ಪರಿಶೀಲಿಸಿದ ಲೇಖನ ಪ್ರಕಟಿಸಿತು. ಅವು ಸುರಕ್ಷಿತ, ಪರಿಣಾಮಕಾರಿ ಎನ್ನಲು ಸಾಕಷ್ಟು ಆಧಾರವಿಲ್ಲ ಎಂಬುದೇ ಅದರ ತೀರ್ಮಾನ.

ತಮಾಷೆಯೆಂದರೆ, ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಇದ್ದಿಲಿನಿಂದ ಹಲ್ಲುಜ್ಜುವ ಪೈಲ್ವಾನನನ್ನು ಗೇಲಿ ಮಾಡಿ ಹಲ್ಲುಪುಡಿ ಮಾರಿದರು. ಈಗ ಅದೇ ಇದ್ದಿಲನ್ನು ಟ್ಯೂಬಿಗೆ ತುಂಬಿ, ಮೇಲೆ ಕಪ್ಪು ಬಣ್ಣ ಬಳಿದು, ಮಾಮೂಲಿಗಿಂತ ಹೆಚ್ಚು ಬೆಲೆಗೆ ಮಾರುತ್ತಾರೆ. ಪೈಲ್ವಾನನ ಹತ್ತಿರ ಯಾರಾದರೂ ಕ್ಷಮೆ ಕೇಳಬಹುದಿತ್ತು.

ನಿಂಬೆರಸ ಮತ್ತು ಸೋಡಾದ ಜೋಡಿ ಇನ್ನೂ ಸೊಗಸು. ಎರಡೂ ಸೇರಿದೊಡನೆ ಬುಸ್ಸೆಂದು ನೊರೆ ಏಳುತ್ತದೆ. ಕೊಳೆ ಕಿತ್ತು ಬರುತ್ತಿದೆ ಎಂದು ಇದನ್ನು ಮಾಡಿ ತೋರಿಸುವ ವಿಡಿಯೊದಲ್ಲಿನ ಹೆಂಗಸು ಸಂಭ್ರಮಿಸುತ್ತಾರೆ. ಆಮ್ಲವೂ ಕ್ಷಾರವೂ ಒಂದನ್ನೊಂದು ಮುಗಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿವೆ, ಅಷ್ಟೆ. ಉಳಿಯುವುದು ಉಪ್ಪಿನ ಜಾತಿಯ ನೀರು. ಸೋಡಾ ಕಡಿಮೆ ಬಿದ್ದರೆ ಮಾತ್ರ ಪರಿಸ್ಥಿತಿ ಬೇರೆ. ನಿಂಬೆರಸದ ಪಿಎಚ್ ಎರಡು ಎರಡೂವರೆ. ಅಡುಗೆಮನೆಯ ಮಾರ್ಬಲ್ ಕಟ್ಟೆಯ ಮೇಲೆ ನಿಂಬೆಹೋಳು ಬಿಟ್ಟು ಮರೆತವರಿಗೆ ಮರುದಿನದ ಮಂಕು ಕಲೆ ಗೊತ್ತಿರುತ್ತದೆ, ಹಲ್ಲಿನ ಮೇಲೂ ಆಗುವುದು ಅಂಥದ್ದೇ. ಅದರ ಮೇಲೆ ಇದ್ದಿಲು ಹಾಕಿ ಉಜ್ಜುವುದೆಂದರೆ ಮೊದಲು ಮೆತ್ತಗೆ ಮಾಡಿ ಆಮೇಲೆ ಕೆರೆದಂತೆ. ಅಡುಗೆ ಸೋಡಾ ತಾನಾಗಿ ಪಾಪದ್ದು, ಬಲು ಮೃದು, ಆಮ್ಲವನ್ನು ತಗ್ಗಿಸುತ್ತದೆ ಕೂಡ. ನಿಂಬೆಯ ಸಹವಾಸದಲ್ಲಿ ಅದರ ಗುಣವೂ ಹೋಯಿತು.

ಆದರೆ ಈ ಪೇಸ್ಟಿನಲ್ಲಿ ಇರುವುದಕ್ಕಿಂತ ಇಲ್ಲದ್ದು ದೊಡ್ಡ ಸಮಸ್ಯೆ. ಹಲ್ಲಿನ ಪಾಚಿ ತೆಗೆಯುವುದು ಮುಖ್ಯವಾಗಿ ಬ್ರಷ್ಷಿನ ಕೆಲಸ. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು ಕುಂಚ ಮಾಡಿಕೊಂಡರೆ ಅದೂ ಮಾಡುತ್ತದೆ. ಪೇಸ್ಟಿನ ದೊಡ್ಡ ಉಪಯೋಗ ಫ್ಲೋರೈಡನ್ನು ಹಲ್ಲಿನ ಮೇಲೆ ತಂದು ನಿಲ್ಲಿಸುವುದು. ಅದು ಎನಾಮಲ್ಲಿನ ಖನಿಜದೊಳಗೆ ಸೇರಿದರೆ ಪಿಎಚ್ 4.5ರ ಹತ್ತಿರದವರೆಗೂ ತಡೆಯುತ್ತದೆ, ಆಗಷ್ಟೇ ಕರಗತೊಡಗಿದ ಬಿಳಿ ಚುಕ್ಕೆಯನ್ನು ಮತ್ತೆ ಗಟ್ಟಿ ಮಾಡುತ್ತದೆ. ಕಾಕ್ರೇನ್ ಸಂಸ್ಥೆ 2003ರಲ್ಲಿ ಮಕ್ಕಳ ಮೇಲಿನ 70 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಫ್ಲೋರೈಡ್ ಪೇಸ್ಟಿನಿಂದ ಹುಳುಕು ನೂರಕ್ಕೆ 24ರಷ್ಟು ತಗ್ಗಿತ್ತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು. ಕೊಬ್ಬರಿ ಎಣ್ಣೆ, ಲವಂಗ, ಇದ್ದಿಲು ಯಾವುದರಲ್ಲೂ ಈ ಕೆಲಸಕ್ಕೆ ಬೇಕಾದಷ್ಟು ಫ್ಲೋರೈಡ್ ಇಲ್ಲ, ಅಡುಗೆಮನೆಯ ಚಮಚದಲ್ಲಿ ಅಳೆದು ಹಾಕುವ ವಸ್ತುವೂ ಅದಲ್ಲ.

‘ಫ್ಲೋರೈಡ್ ವಿಷವಲ್ಲವೇ?’ ಎಂದು ಕೇಳುವವರನ್ನು ನಮ್ಮ ರಾಜ್ಯದಲ್ಲಿ ನಕ್ಕು ಕಳಿಸುವಂತಿಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಊರುಗಳಲ್ಲಿ ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ, ಕೆಲವರ ಮೂಳೆಗಳೇ ಸೆಟೆದುಕೊಂಡಿವೆ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದರ ಹಿಂದೆ ಈ ಸಂಕಟವೂ ಇದೆ. ಭಾರತದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಸರಿ, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿದ್ದರೆ ಮಕ್ಕಳ ಬುದ್ಧಿಶಕ್ತಿಯ ಬಗ್ಗೆಯೂ ಕಾಳಜಿ ಪಡಬೇಕು ಎಂದು ಅಮೆರಿಕ ಸರ್ಕಾರದ ವಿಷವಿಜ್ಞಾನ ವರದಿ 2024ರಲ್ಲಿ ಹೇಳಿತು.

ಆದರೆ ಲೆಕ್ಕ ಹಾಕಿ. ಲೀಟರಿಗೆ ಮೂರು ಮಿಲಿಗ್ರಾಂ ಇರುವ ಬೋರ್‌ವೆಲ್ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಒಳಗೆ ಹೋಗುವುದು ಆರು ಮಿಲಿಗ್ರಾಂ, ದಿನಾ, ಜೀವನಪೂರ್ತಿ. ನಮ್ಮ ದೇಶದ ಕಾನೂನು ಪೇಸ್ಟಿಗೆ 1000 ಪಿಪಿಎಂ ಮಿತಿ ಹಾಕಿದೆ. ಎಂದರೆ ಗ್ರಾಂಗೆ ಒಂದು ಮಿಲಿಗ್ರಾಂ. ಬಟಾಣಿ ಗಾತ್ರದ ಪೇಸ್ಟು ಕಾಲು ಗ್ರಾಂ. ಅಷ್ಟನ್ನೂ ನುಂಗಿದರೂ ಕಾಲು ಮಿಲಿಗ್ರಾಂ, ಉಗಿದರೆ ಅದೂ ಇಲ್ಲ. ಹಲ್ಲಿನ ಮೇಲೆ ಪಟ್ಟೆ ಬೀಳುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ ಮಾತ್ರ, ಸುಮಾರು ಎಂಟು ವರ್ಷದ ಒಳಗೆ. ಅದಕ್ಕೇ ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ದೊಡ್ಡವರ ಕಣ್ಣೆದುರಲ್ಲೇ. ಪಾವಗಡದಂಥ ಕಡೆಯ ಪುಟ್ಟ ಮಕ್ಕಳಿಗಾದರೆ ದಂತವೈದ್ಯರನ್ನು ಒಂದು ಮಾತು ಕೇಳುವುದು ಸರಿ. ಫ್ಲೋರೈಡಿನ ಉಪಯೋಗ ಗೊತ್ತಾದದ್ದೂ ಇಂಥ ಕಂದುಹಲ್ಲಿನಿಂದಲೇ: 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಊರವರ ಹಲ್ಲಿನ ಕಲೆ ಕಂಡು ಬೆನ್ನುಹತ್ತಿದ, ಆ ಹಲ್ಲುಗಳಲ್ಲಿ ಹುಳುಕು ಕಡಿಮೆ ಎಂಬುದು ಆಮೇಲೆ ಅವನ ಗಮನಕ್ಕೆ ಬಂತು. ಕಾರಣ ನೀರಿನ ಫ್ಲೋರೈಡ್ ಎಂದು ತಿಳಿಯಲು 1931ರವರೆಗೆ ಕಾಯಬೇಕಾಯಿತು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಲವಂಗದೆಣ್ಣೆ ನೋವನ್ನು ಮರಗಟ್ಟಿಸುತ್ತದೆ, ತೂತು ಮುಚ್ಚುವುದಿಲ್ಲ. ನೋವು ಹೋಯಿತೆಂದು ಸುಮ್ಮನಾದವರೇ ಮುಂದೆ ಬೇರುನಾಳದ ಚಿಕಿತ್ಸೆಗೆ ಸಾಲು ನಿಲ್ಲುವುದು. ಬೆಲ್ಲ ಮತ್ತು ಜೇನು ಬ್ಯಾಕ್ಟೀರಿಯಾದ ಪಾಲಿಗೆ ಸಕ್ಕರೆಯೇ, ಸಾವಯವ ಬೆಲ್ಲವಾದರೂ. ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆಗೂ ಬೆಳೆಯುವ ಹಲ್ಲಿಗೂ ಒಳ್ಳೆಯದೇ. ಹುಟ್ಟಿ ಬಂದ ಹಲ್ಲಿನ ತೂತನ್ನು ಗಂಜಿ ಕುಡಿದು ತುಂಬಿಸಲಾಗದು. ಬಸಿರಿಯ ಹಲ್ಲಿನಿಂದ ಮಗು ಕ್ಯಾಲ್ಸಿಯಂ ಎಳೆದುಕೊಳ್ಳುವುದಿಲ್ಲ; ಆಗ ಹಲ್ಲು ಕೆಡಲು ವಾಂತಿಯ ಹುಳಿ ಮತ್ತು ಊದಿಕೊಳ್ಳುವ ವಸಡು ಕಾರಣ. ಎಣ್ಣೆ ಮುಕ್ಕಳಿಸುವುದರಿಂದ ಕೇಡಿಲ್ಲ, ಬ್ರಷ್ಷಿಗೆ ಬದಲಿಯೂ ಅಲ್ಲ. ನೆಲಗುಳ್ಳದ ಬೀಜ ಸುಟ್ಟು ಹೊಗೆ ಹಾಕಿ ಹಲ್ಲಿನಿಂದ ಹುಳು ಉದುರಿಸುವವರು ತೋರಿಸುವ ಹುಳು ಆ ಬೀಜದೊಳಗಿನ ಮೊಳಕೆಯೇ. ಹಲ್ಲಿನಲ್ಲಿ ಹುಳುವಿಲ್ಲ ಎಂದು ಫ್ರಾನ್ಸಿನ ಪಿಯೆರ್ ಫೋಷಾರ್ 1728ರಲ್ಲೇ ಬರೆದಿಟ್ಟಿದ್ದಾನೆ.

ಟ್ಯೂಬಿನ ಬುಡದಲ್ಲಿರುವ ಬಣ್ಣದ ಪಟ್ಟಿಯ ಕಥೆಯಂತೂ ಸಾಯುವುದೇ ಇಲ್ಲ: ಹಸಿರಿದ್ದರೆ ನೈಸರ್ಗಿಕ, ಕಪ್ಪಿದ್ದರೆ ರಾಸಾಯನಿಕ. ಟ್ಯೂಬನ್ನು ಎಲ್ಲಿ ಮಡಚಿ ಎಲ್ಲಿ ಕತ್ತರಿಸಬೇಕೆಂದು ಯಂತ್ರದ ಕಣ್ಣಿಗೆ ತೋರಿಸುವ ಗುರುತು ಅದು. ಅದೇ ಟ್ಯೂಬಿನ ಮೇಲೆ, ಎರಡು ಅಂಗುಲ ಮೇಲಕ್ಕೆ, ಒಳಗೇನಿದೆ ಎಂದು ಅಕ್ಷರದಲ್ಲೇ ಅಚ್ಚಾಗಿರುತ್ತದೆ. ಅದನ್ನು ಓದುವ ತಾಳ್ಮೆಯಿಲ್ಲದವರಿಗೆ ಬಣ್ಣದ ಸಂಕೇತ ಬಿಡಿಸುವ ಉತ್ಸಾಹ ಎಲ್ಲಿಂದ ಬರುತ್ತದೋ. ಕಂಪನಿಯವರು ಹೇಳಿದ್ದೆಲ್ಲ ಸುಳ್ಳು ಎನ್ನುವವರು ಹೆಸರಿಲ್ಲದ ಧ್ವನಿಯೊಂದು ಮೊಬೈಲಿನಲ್ಲಿ ಹೇಳಿದ್ದನ್ನು ಪ್ರಶ್ನಿಸುವುದಿಲ್ಲ. ನೈಸರ್ಗಿಕ ಎಂದೊಡನೆ ಕೈ ಮುಗಿಯುವವರು ಹೊಗೆಸೊಪ್ಪೂ ಗಿಡದಲ್ಲೇ ಬೆಳೆಯುತ್ತದೆ ಎಂಬುದನ್ನು ಮರೆಯುತ್ತಾರೆ. ನಶ್ಯದಲ್ಲಿ ಹಲ್ಲುಜ್ಜುವ ಅಭ್ಯಾಸ ನಮ್ಮ ಹಿರಿಯರಲ್ಲಿ ಬೇಕಾದಷ್ಟಿತ್ತು. ಹಲ್ಲುಪುಡಿ, ಪೇಸ್ಟುಗಳಿಗೆ ಹೊಗೆಸೊಪ್ಪು ಸೇರಿಸಬಾರದೆಂದು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಬೇಕಾಯಿತು. ಆ ಪರಂಪರೆಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಮನೆಯಲ್ಲೇ ಮಾಡುತ್ತೇನೆಂಬ ಹಟವಿದ್ದರೆ ಮಾಡಿಕೊಳ್ಳಿ. ನುಣ್ಣನೆಯ ಅಡುಗೆ ಸೋಡಾಕ್ಕೆ ಕೊಬ್ಬರಿ ಎಣ್ಣೆ ಕಲೆಸಿ, ಪುದೀನಾ ಎಣ್ಣೆ ಒಂದು ಹನಿ. ಇದ್ದಿಲು, ನಿಂಬೆ, ಹರಳುಪ್ಪು, ಇಟ್ಟಿಗೆ ಪುಡಿ ಬೇಡ. ಅದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ರಾತ್ರಿ ಮಾತ್ರ ಫ್ಲೋರೈಡ್ ಎಷ್ಟಿದೆಯೆಂದು ಪಿಪಿಎಂನಲ್ಲಿ ಬರೆದಿರುವ ಪೇಸ್ಟು ಹಾಕಿ ಎರಡು ನಿಮಿಷ ಉಜ್ಜಿ, ನೊರೆ ಉಗಿಯಿರಿ, ಲೋಟಗಟ್ಟಲೆ ನೀರಲ್ಲಿ ಬಾಯಿ ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿದಷ್ಟೇ ರಾತ್ರಿಯಿಡೀ ಕೆಲಸ ಮಾಡುವುದು. ಆಮೇಲೆ ಬೆಲ್ಲ ಹಾಕಿದ ಅರಿಸಿನದ ಹಾಲು ಕುಡಿದು ಮಲಗುವುದಾದರೆ ಉಜ್ಜುವ ಶ್ರಮವನ್ನಾದರೂ ಉಳಿಸಿಕೊಳ್ಳಬಹುದು.