ವಠಾರದ ವ್ಯಾಜ್ಯಗಳು

ಪಟ್ಟಣಗಳಲ್ಲಿ ನಿವೇಶನದ ಬೆಲೆಯೇರಿದಂತೆಲ್ಲಾ ಜನರು ಒಂದು ಅಂತಸ್ತಿನ ಮೇಲೊಂದು ಅಂತಸ್ತಿನಲ್ಲಿ ಕೂಡಿ ವಾಸಿಸುವುದು ಅನಿವಾರ್ಯವಾಗಿದೆ. ಹಿಂದಿನ ವಠಾರಕ್ಕೆ ಒಂದೇ ಬಾವಿ, ಒಂದೇ ಅಂಗಳ. ಈಗಿನ ಅಪಾರ್ಟ್‌ಮೆಂಟಿಗೆ ಒಂದೇ ನೀರಿನ ತೊಟ್ಟಿ, ಒಂದೇ ಲಿಫ್ಟು. ಹೆಸರು ಬದಲಾಯಿತೇ ಹೊರತು ಸಂಬಂಧವು ಬದಲಾಗಲಿಲ್ಲ. ಆದರೆ ಒಂದು ಭೇದವುಂಟು. ವಠಾರದಲ್ಲಿ ಜಗಳ ಹುಟ್ಟಿದರೆ ಯಜಮಾನರಾಗಲಿ, ಹಿರಿಯ ಮುತ್ತೈದೆಯೊಬ್ಬರಾಗಲಿ ಬಂದು ಇಬ್ಬರನ್ನೂ ಗದರಿಸುತ್ತಿದ್ದರು. ಈಗ ಎಲ್ಲರೂ ಯಜಮಾನರೇ. ಗದರಿಸುವವರು ಯಾರೂ ಇಲ್ಲ.

ದಿನಂಪ್ರತಿ ನಡೆಯುವಂಥ ಒಂದು ಪ್ರಸಂಗವನ್ನೇ ತೆಗೆದುಕೊಳ್ಳೋಣ. ಮೇಲಿನ ಮನೆಯ ಬಚ್ಚಲಿನ ನೀರು ಒಸರಿ ಕೆಳಗಿನ ಮನೆಯ ಚಾವಣಿಯಲ್ಲಿ ಕಲೆ ಬೀಳುತ್ತದೆ. ಕೆಳಗಿನವರು ಮೇಲಿನವರ ಬಾಗಿಲು ತಟ್ಟುವ ಬದಲು, ನಿವಾಸಿಗಳೆಲ್ಲರೂ ಓದುವ ವಾಟ್ಸಾಪ್ ಗುಂಪಿನಲ್ಲಿ ಆ ಕಲೆಯ ಚಿತ್ರವನ್ನು ಹಾಕುತ್ತಾರೆ. ನಾಲ್ವರ ಎದುರಿಗೆ ಮಾನ ಹೋಯಿತೆಂದು ನೊಂದ ಮೇಲಿನವರು, ಆ ನೀರು ತಮ್ಮದಲ್ಲವೆಂದು ಬರೆಯುತ್ತಾರೆ. ಅಲ್ಲಿಗೆ ನೀರಿನ ಮಾತು ಹಿಂದೆ ಬಿದ್ದು ಮಾನದ ಮಾತು ಮುಂದಾಯಿತು. ಎರಡು ದಿನದ ದುರಸ್ತಿಯ ಕೆಲಸವು ಎರಡು ಸಂಸಾರಗಳ ಬಹುಕಾಲದ ಹಗೆಯಾಗಿ ಬೆಳೆಯುತ್ತದೆ. ಮಕ್ಕಳು ಕೂಡಿ ಆಡುವುದು ನಿಲ್ಲುತ್ತದೆ. ಚಾವಣಿಯೊಳಗಣ ಕಬ್ಬಿಣ ತುಕ್ಕು ಹಿಡಿಯುವುದು ಮಾತ್ರ ನಿಲ್ಲುವುದಿಲ್ಲ. ಒಬ್ಬರ ಚಾವಣಿಯೇ ಇನ್ನೊಬ್ಬರ ನೆಲವಾಗಿರುವಲ್ಲಿ ಈ ನಷ್ಟವು ಉಭಯತರದ್ದೆಂಬುದು ಇಬ್ಬರಿಗೂ ಮರೆತುಹೋಗಿರುತ್ತದೆ.

ಇಂಥಲ್ಲಿ ತಪ್ಪು ಯಾರದೆಂಬ ವಿಚಾರಕ್ಕೆ ಮೊದಲು ನೀರು ಎಲ್ಲಿಂದ ಬರುತ್ತದೆಂಬುದು ಗೊತ್ತಾಗಬೇಕು. ಉಭಯರೂ ಒಪ್ಪಿದ ಕೆಲಸಗಾರನೊಬ್ಬನನ್ನು ಸಮಪಾಲು ಖರ್ಚಿನಲ್ಲಿ ಕರೆಸಿ ಪರೀಕ್ಷೆ ಮಾಡಿಸಲಿ. ಬಚ್ಚಲಿನ ನೆಲ ಬಿರುಕುಬಿಟ್ಟಿದ್ದರೆ ಆ ಮನೆಯವರೂ, ಎಲ್ಲರಿಗೂ ಸೇರಿದ ಕೊಳಾಯಿ ಒಡೆದಿದ್ದರೆ ಸಂಘದವರೂ ದುರಸ್ತಿಯ ಹೊಣೆ ಹೊರುವುದು ನ್ಯಾಯ. ಇಷ್ಟರಿಂದಲೂ ತೀರದಿದ್ದರೆ, ಯಾವ ಪಕ್ಷಕ್ಕೂ ಸೇರದ ಇಬ್ಬರು ಮೂವರು ಹಿರಿಯರು ಮೊದಲು ಒಬ್ಬೊಬ್ಬರನ್ನು ಪ್ರತ್ಯೇಕವಾಗಿಯೂ, ಅನಂತರ ಇಬ್ಬರನ್ನು ಒಟ್ಟಿಗೂ ಕೇಳಲಿ. ಒಪ್ಪಿಗೆಯಾದುದನ್ನು ಯಾರು, ಏನು, ಯಾವ ತಾರೀಖಿನೊಳಗೆ ಮಾಡತಕ್ಕದ್ದೆಂದು ಬರೆದು ರುಜು ಹಾಕಿಸಲಿ. ಬಾಯಿಮಾತಿನ ರಾಜಿಯು ಮುಂದಿನ ಮಳೆಗಾಲದವರೆಗೆ ಬಾಳುವುದು ಅಪರೂಪ.

ಕಾನೂನಿನ ಬಲವಿಲ್ಲವೆಂದು ನಾವು ಹೇಳುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಅಧಿನಿಯಮವು ತನಗೊಳಪಟ್ಟ ಕಟ್ಟಡಗಳ ಮಾಲೀಕರು ಉಪವಿಧಿಗಳಂತೆ ನಡೆಯತಕ್ಕದ್ದೆಂದು ವಿಧಿಸಿದೆ. ಗದ್ದಲದ ವಿಷಯದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಗೊತ್ತುಮಾಡಿವೆ. ರಾತ್ರಿಯೆಂದರೆ 10 ಘಂಟೆಯಿಂದ ಬೆಳಿಗ್ಗೆ 6 ಘಂಟೆಯವರೆಗೆ. ಕೋರ್ಟಿನ ಬಾಗಿಲೂ ತೆರೆದೇ ಇದೆ. ಆದರೆ ಕೋರ್ಟು ಮೊಕದ್ದಮೆಯನ್ನು ತೀರಿಸಬಲ್ಲುದೇ ಹೊರತು ಮನಸ್ಸನ್ನಲ್ಲ. ತೀರ್ಪಿನ ದಿನ ಗೆದ್ದವರೂ ಸೋತವರೂ ಅದೇ ಲಿಫ್ಟಿನಲ್ಲಿ ಮನೆಗೆ ಹಿಂದಿರುಗಬೇಕಷ್ಟೆ!

ಕೋರ್ಟಿಗೆ ಹೋದವರಿಗೂ ರಾಜಿಯ ಹಾದಿ ಮುಚ್ಚಿಲ್ಲ. ನ್ಯಾಯಾಲಯಗಳು ಕಳುಹಿಸುವ ವ್ಯಾಜ್ಯಗಳಿಗಾಗಿ ಬೆಂಗಳೂರಿನಲ್ಲಿ 2007ರಲ್ಲಿಯೇ ಮಧ್ಯಸ್ಥಿಕಾ ಕೇಂದ್ರವು ಸ್ಥಾಪಿತವಾಯಿತು. 2023ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಮಧ್ಯಸ್ಥಿಕೆ ಅಧಿನಿಯಮದಲ್ಲಿ, ಒಂದು ಪ್ರದೇಶದ ನಿವಾಸಿಗಳ ಶಾಂತಿಗೆ ಭಂಗ ತರಬಹುದಾದ ವ್ಯಾಜ್ಯಗಳಿಗಾಗಿಯೇ ಒಂದು ಅಧ್ಯಾಯವಿದೆ. ಉಭಯ ಪಕ್ಷಗಳ ಪೂರ್ವಸಮ್ಮತಿಯಿದ್ದಲ್ಲಿ 3 ಮಂದಿ ಮಧ್ಯಸ್ಥರು ಕುಳಿತು ರಾಜಿ ಮಾಡಿಸಬಹುದೆಂದು ಅದು ಹೇಳುತ್ತದೆ. ಆ ರಾಜಿಯನ್ನು ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿಮಾಡಿಸಲಾಗದೆಂದೂ ಹೇಳುತ್ತದೆ. ಇದು ದೊಡ್ಡ ನ್ಯೂನತೆಯೆಂದು ವಕೀಲ ಮಹಾಶಯರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಅಮೀನನನ್ನು ಕಳುಹಿಸಿ ಹಣವನ್ನು ವಸೂಲು ಮಾಡಬಹುದು. ನೆರೆಹೊರೆಯವರ ವಿಶ್ವಾಸವನ್ನು ವಸೂಲು ಮಾಡಲಾದೀತೆ? ಕೊಟ್ಟ ಮಾತಿಗೆ ನಡೆಯುವವರಿಗೆ ಡಿಕ್ರಿಯು ಬೇಡ. ನಡೆಯದವರೊಡನೆ ಡಿಕ್ರಿಯಿದ್ದರೂ ಬಾಳುವುದು ಕಷ್ಟ.

ನಮ್ಮ ವಾಚಕರಲ್ಲಿ ಅನೇಕರು ಕಚೇರಿಗಳಲ್ಲಿ ಪರರ ತಕರಾರುಗಳನ್ನು ಸಮಾಧಾನದಿಂದ ಕೇಳಿ ತೀರ್ಮಾನ ಹೇಳತಕ್ಕವರು. ಮನೆಯಲ್ಲಿ ತಾವೇ ಒಂದು ಪಕ್ಷವಾದಾಗ ಆ ಸಮಾಧಾನವು ಎಲ್ಲಿ ಹೋಗುತ್ತದೆಂದು ಅವರು ಯೋಚಿಸಬೇಕು. ದೂರಿನ ಅರ್ಜಿ ಬರೆಯಲು ಕುಳಿತಿರುವವರು ಅದನ್ನು ಒಂದು ದಿನದ ಮಟ್ಟಿಗೆ ಮೇಜಿನ ಮೇಲೆಯೇ ಬಿಟ್ಟು, ಸಾಯಂಕಾಲ ಮೆಟ್ಟಲು ಹತ್ತಿ ನೆರೆಯವರ ಬಾಗಿಲು ತಟ್ಟಲಿ. ಅರ್ಜಿ ನಾಳೆಯೂ ಇರುತ್ತದೆ. ಬಹುಶಃ ಅದರ ಅವಶ್ಯಕತೆಯೇ ಇರಲಾರದು.