ಆನೆಗೆ ಒಂದು, ಹಾವಿಗೆ ಒಂದು: ಗಡಿನಾಡಿನಲ್ಲಿ ಟಾರ್ಚ್ ಕೊಳ್ಳುವವರ ಲೆಕ್ಕಾಚಾರ

ಕಾಸರಗೋಡು: "ಅಣ್ಣಾ, ಒಂದು ಒಳ್ಳೆ ಟೋರ್ಚು ಕೊಡಿ."

"ಎಂತಕ್ಕೆ?"

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ಮಳೆಗಾಲದ ಸಂಜೆ ಸ್ವಲ್ಪ ಹೊತ್ತು ನಿಂತರೆ ಈ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಹೊಸಬರಿಗೆ ಅಂಗಡಿಯವರ ಪ್ರಶ್ನೆ ವಿಚಿತ್ರ ಅನಿಸಬಹುದು. ಟಾರ್ಚ್ ಎಂತಕ್ಕೆ? ಬೆಳಕಿಗೆ! ಆದರೆ ಇಲ್ಲಿನ ಗಿರಾಕಿಗೆ ಪ್ರಶ್ನೆ ಸರಿಯಾಗಿಯೇ ಅರ್ಥವಾಗುತ್ತದೆ. ತೋಟಕ್ಕೆ ಹಂದಿ ಬರುವುದಕ್ಕೋ, ರಬ್ಬರ್ ಟ್ಯಾಪಿಂಗಿಗೋ, ಸುರಂಗದ ಒಳಗೆ ಹೋಗುವುದಕ್ಕೋ, ರಾತ್ರಿ ಬಸ್ಸಿಳಿದು ಗುಡ್ಡೆ ಹತ್ತುವುದಕ್ಕೋ? ಉತ್ತರದ ಮೇಲೆ ಟಾರ್ಚ್ ಬೇರೆ, ಬೆಲೆಯೂ ಬೇರೆ.

ಒಂದು ಕಾಲದಲ್ಲಿ ಮನೆಗೊಂದೇ ಟಾರ್ಚ್. ಅದು ಯಜಮಾನರ ತಲೆದಿಂಬಿನ ಹತ್ತಿರ. ಈಗ ಮನೆಗೆ ಮೂರು ನಾಲ್ಕು. ಅಷ್ಟಾದರೂ ಹೊಸ ಮಾಡೆಲ್ ಬಂದದ್ದು ಗೊತ್ತಾದರೆ ಹೋಗಿ ನೋಡದೆ ಇರಲಾಗದವರು ಪ್ರತಿ ಊರಲ್ಲೂ ಒಬ್ಬಿಬ್ಬರಿದ್ದಾರೆ. ಮನೆಯವರ ಕಣ್ಣಿಗೆ ಅದು ಹುಚ್ಚು, ಅವರ ಮಟ್ಟಿಗೆ ಅಗತ್ಯ. ಕೇಳಿದರೆ ಪ್ರತಿ ಟಾರ್ಚಿಗೂ ಒಂದು ಕಾರಣ ಉಂಟು.

ಸೂಟೆಯಿಂದ ಗಲ್ಫ್ ಟಾರ್ಚಿನವರೆಗೆ

ಹಿರಿಯರಿಗೆ ಸೂಟೆಯ ನೆನಪಿದೆ. ಒಣಗಿದ ತೆಂಗಿನ ಗರಿಯನ್ನು ಕಟ್ಟಿ, ತುದಿಗೆ ಬೆಂಕಿ ಕೊಟ್ಟು, ಬೀಸುತ್ತಾ ನಡೆಯುವುದು. ಬೀಸಿದಷ್ಟೂ ಉರಿ. ಬಯಲಾಟ ಮುಗಿಸಿ, ಕೋಲ ಮುಗಿಸಿ ಗದ್ದೆ ಹುಣಿಯಲ್ಲಿ ಸಾಲಾಗಿ ಬರುವಾಗ ಮುಂದೊಂದು ಸೂಟೆ, ಹಿಂದೊಂದು ಸೂಟೆ. ಮಳೆ ಬಂದರೆ ಮಾತ್ರ ಕಥೆ ಮುಗಿಯಿತು.

ಆಮೇಲೆ ಬಂದದ್ದು ಎರಡು ಸೆಲ್ಲಿನ, ಮೂರು ಸೆಲ್ಲಿನ ಲೋಹದ ಟಾರ್ಚ್. ಎವರೆಡಿ, ಜೀಪ್ ಎಂಬ ಹೆಸರುಗಳು ಅಡಿಕೆ, ತೆಂಗಿನಷ್ಟೇ ಪರಿಚಿತವಾದವು. ಸೆಲ್ಲಿಗೆ ಒಂದೂವರೆ ವೋಲ್ಟ್. ಎರಡಕ್ಕೆ ಮೂರು, ಮೂರಕ್ಕೆ ನಾಲ್ಕೂವರೆ. ಸೆಲ್ ಮುಗಿಯುತ್ತಾ ಬಂದರೆ ಬಲ್ಬು ಹಳದಿ, ಮತ್ತೆ ಕೆಂಪು. ಬಿಸಿಲಿಗಿಟ್ಟು ಇನ್ನೆರಡು ದಿನ ಉರಿಸಿದವರೂ ಇದ್ದಾರೆ. ಸೆಲ್ ಒಳಗೇ ಬಿಟ್ಟು ಮರೆತರೆ ನೀರೊಡೆದು ಟಾರ್ಚೇ ಹಾಳು.

1980ರ, 90ರ ದಶಕಗಳಲ್ಲಿ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಸೆಂಟು, ಸಾಬೂನು, ಟೇಪ್ ರೆಕಾರ್ಡರಿನ ಜತೆ ಟಾರ್ಚ್ ಕೂಡ ಬಂತು. ಕರೆಂಟಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಟಾರ್ಚ್ ಅನೇಕರು ಮೊದಲು ನೋಡಿದ್ದು ಹಾಗೆಯೇ. ಊರಿನ ನೆಂಟರಿಗೆ ಕೊಡಲು ಈಗಲೂ ದುಬೈ, ಶಾರ್ಜಾದಿಂದ ಟಾರ್ಚ್ ತರುವವರಿಗೆ ಕಡಿಮೆ ಇಲ್ಲ.

2000ದ ನಂತರ ಎಲ್‌ಇಡಿ ಬಂದು ಲೆಕ್ಕವೆಲ್ಲ ತಲೆಕೆಳಗಾಯಿತು. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಆ ನೀಲಿ ಬೆಳಕಿನ ಮೇಲೆ ಹಳದಿ ಬೆಳಕು ಕೊಡುವ ಲೇಪ ಹಚ್ಚಿದರೆ ಬಿಳಿ ಬೆಳಕು. ಇಂದು ಅಂಗೈಯಲ್ಲಿ ಹಿಡಿಯುವ ಟಾರ್ಚ್ ಹಳೆಯ ಮೂರು ಸೆಲ್ಲಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಳಕು ಕೊಡುವುದು ಇದರಿಂದಲೇ.

ಮುಂಜಾವಿನ ಗಿರಾಕಿಗಳು

ಟಾರ್ಚ್ ವಿಷಯದಲ್ಲಿ ಅತಿ ಹೆಚ್ಚು ತಿಳಿದವರು ಯಾರು ಎಂದು ಕೇಳಿದರೆ ಅಂಗಡಿಯವರು ತೋರಿಸುವುದು ರಬ್ಬರ್ ಟ್ಯಾಪಿಂಗ್ ಮಾಡುವವರನ್ನು. ಬಿಸಿಲೇರುವ ಮೊದಲು ಮರದಲ್ಲಿ ಹಾಲಿನ ಒತ್ತಡ ಹೆಚ್ಚು. ಹಾಗಾಗಿ ಬೆಳಗ್ಗಿನ ಜಾವ ಮೂರು, ನಾಲ್ಕು ಗಂಟೆಗೇ ಕೆಲಸ. ಎರಡೂ ಕೈ ಕತ್ತಿಗೆ, ಚಿರಟೆಗೆ ಬೇಕು. ಬೆಳಕು ಹಣೆಯಲ್ಲೇ ಇರಬೇಕು. ಮೊದಲು ಭಾರದ ಬ್ಯಾಟರಿ ಪೆಟ್ಟಿಗೆ ಸೊಂಟಕ್ಕೆ ಕಟ್ಟಿ, ಅಲ್ಲಿಂದ ತಲೆಗೆ ವಯರು. ಈಗ ಬ್ಯಾಟರಿ ಸಹಿತ ಎಲ್ಲವೂ ತಲೆಯಲ್ಲೇ.

ಇವರು ಬೇಡುವುದು ದೂರ ಹೋಗುವ ಬೆಳಕಲ್ಲ. ಒಂದು ಮಾರು ದೂರದ ಮರದ ತೊಗಟೆ ಚೆಂದ ಕಾಣಬೇಕು, ಹಣೆಗೆ ಭಾರ ಆಗಬಾರದು, ಮೂರು ನಾಲ್ಕು ಗಂಟೆ ಒಂದೇ ಸಮ ಉರಿಯಬೇಕು. "ನಡುವೆ ನಂದುವ ಲೈಟು ಎಷ್ಟು ಜೋರಿದ್ದರೆ ಎಂತ ಪ್ರಯೋಜನ?" ಎಂಬುದು ಅವರ ನ್ಯಾಯ.

ಪೂರ್ವದ ಕಡೆಯ ಚಿಂತೆ

ಕಾರಡ್ಕ, ದೇಲಂಪಾಡಿ, ಮುಳಿಯಾರು, ಬೇಡಡ್ಕ ಕಡೆಗೆ ಹೋದರೆ ಕಾರಣ ಬೇರೆ. ಅಲ್ಲಿ ಆನೆ ಬಾಳೆ, ತೆಂಗು, ಅಡಿಕೆ ತೋಟಗಳಿಗೆ ನುಗ್ಗುವ ಕಾಟ ವರ್ಷಗಳಿಂದ ಉಂಟು. ಕಾರಡ್ಕ ಬ್ಲಾಕ್ ಪಂಚಾಯತ್ ಮುಂದೆ ನಿಂತು ಗಡಿಯಂಚಿನಲ್ಲಿ ಸೌರ ತೂಗುಬೇಲಿ ಮಾಡಿಸಿದ್ದು ಇದೇ ಕಾರಣಕ್ಕೆ. ಅದರ ಮೇಲೆ 2024, 2025ರಲ್ಲಿ ಚಿರತೆಯ ಸುದ್ದಿಯೂ ಸೇರಿತು. ಹೀಗಾಗಿ ಈ ಭಾಗದವರು ಕೇಳುವುದು ದೂರಕ್ಕೆ ಹೊಡೆಯುವ ಟಾರ್ಚ್. ತಿರುವಿನಾಚೆ ನಿಂತದ್ದು ಬಂಡೆಯೋ ಆನೆಯೋ ಎಂದು ಬೈಕ್ ಅಲ್ಲಿಗೆ ತಲುಪುವ ಮೊದಲೇ ಗೊತ್ತಾಗಬೇಕಲ್ಲ!

ಹಾಗೆಂದು ಕಂಡ ಆನೆಯ ಕಣ್ಣಿಗೇ ಬೆಳಕು ಬಿಟ್ಟು ನಿಲ್ಲುವುದು ಧೈರ್ಯವಲ್ಲ, ತಪ್ಪು. ಕೆರಳಿದ ಆನೆಯ ಮುಂದೆ ಟಾರ್ಚಿನ ಬೆಲೆ ನಡೆಯುವುದಿಲ್ಲ. ಬೆಳಕು ತಗ್ಗಿಸಿ ಹಿಂದೆ ಸರಿಯಬೇಕು, ಅರಣ್ಯ ಇಲಾಖೆಗೆ ತಿಳಿಸಬೇಕು.

ಕಣ್ಣಿನ ಹೊಳಪನ್ನು ನಂಬುವವರಿಗೂ ಒಂದು ಕಿವಿಮಾತು. ಚಿರತೆ, ಬೆಕ್ಕು, ನಾಯಿ, ದನ, ಜಿಂಕೆಗಳ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರ ಇದೆ. ಹಾಗಾಗಿ ಟಾರ್ಚ್ ಬಿದ್ದೊಡನೆ ಹೊಳೆಯುತ್ತದೆ. ಹಂದಿಗೆ ಆ ಪದರ ಇಲ್ಲ. "ಕಣ್ಣು ಹೊಳೆಯಲಿಲ್ಲ, ಎಂತದೂ ಇಲ್ಲ" ಎಂದು ತೋಟದೊಳಗೆ ಹೆಜ್ಜೆ ಇಟ್ಟವರ ಎದುರೇ ಕಾಡುಹಂದಿ ಇರಬಹುದು. ಇನ್ನೊಂದೆಡೆ, ಹಣೆಗೆ ಲೈಟ್ ಕಟ್ಟಿ ಹುಲ್ಲಿನ ಕಡೆ ನೋಡಿದರೆ ಹಸಿರು ಚುಕ್ಕಿಗಳು ಮಿನುಗುತ್ತವೆ. ಹೆದರಬೇಡಿ, ಅದು ಜೇಡ!

ಟಾರ್ಚ್ ಇದೆ ಎಂದು ಬೇಟೆಗೆ ಹೊರಡುವಂತಿಲ್ಲ. 2022ರ ಬಳಿಕ ಕೇರಳದಲ್ಲಿ ಬೆಳೆಗೆ ಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರ ಸ್ಥಳೀಯಾಡಳಿತ ಸಂಸ್ಥೆಗಳ ಮುಖ್ಯಸ್ಥರಿಗೆ ಸಿಕ್ಕಿದೆ. ಅದು ಅನುಮತಿ ಪಡೆದ, ಪರವಾನಗಿ ಕೋವಿ ಉಳ್ಳವರಿಗೆ ಮಾತ್ರ. ಹಾಗೆಯೇ ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಉಬರ್ ಮೀನನ್ನು ಟಾರ್ಚ್ ಹಿಡಿದು ಕಡಿಯುವ ಮೋಜೂ ಕೇರಳದಲ್ಲಿ ಕಾನೂನಿಗೆ ವಿರುದ್ಧ. ಆ ಮೀನು ಬರುವುದು ಮೊಟ್ಟೆ ಇಡಲಿಕ್ಕೆ.

ಅಪಾಯ ಇರುವುದು ಕಾಲ ಬುಡದಲ್ಲಿ

ಈಚೆಗಿನ ಖರೀದಿಗಳನ್ನು ನೋಡಿದರೆ ಎಲ್ಲರ ಪೈಪೋಟಿ ದೂರಕ್ಕೆ. ಒಬ್ಬರದು ಐನೂರು ಮೀಟರ್, ಇನ್ನೊಬ್ಬರದು ಸಾವಿರ. ಎದುರು ಗುಡ್ಡೆಯ ಮನೆಯ ಗೋಡೆ ಕಂಡರೆ ಖುಷಿ. ಆದರೆ ನಮ್ಮೂರಿನ ರಾತ್ರಿಯಲ್ಲಿ ಹೆಚ್ಚು ಜೀವ ತೆಗೆಯುವುದು ಎದುರು ಗುಡ್ಡೆಯಲ್ಲಿಲ್ಲ.

2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58 ಸಾವಿರ. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ನಮ್ಮ ಮಳೆಗಾಲದಲ್ಲಿ. ಕಡಂಬಳ ಓಡಾಡುವುದೇ ರಾತ್ರಿ. ಕೊಳಕುಮಂಡಲ, ನಮ್ಮ ಕಡೆಯವರ ಬಾಯಲ್ಲಿ ಕನ್ನಡಿ ಹಾವು, ತರಗೆಲೆಯ ನಡುವೆ ಸುರುಳಿ ಸುತ್ತಿ ಬಿದ್ದಿದ್ದರೆ ತರಗೆಲೆಯಂತೆಯೇ ಕಾಣುತ್ತದೆ.

ದೂರಕ್ಕೆ ಹೊಡೆಯುವ ಟಾರ್ಚಿನ ಬೆಳಕು ಸಣ್ಣ ಕಂಬದ ಹಾಗೆ. ಅದನ್ನು ಮುಂದೆ ಬಿಟ್ಟು ನಡೆದರೆ ಕಾಲಿನ ಹತ್ತಿರ ಕತ್ತಲೆಯೇ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಹಣೆಯ ಲೈಟಿಗೂ ಒಂದು ದೋಷ ಉಂಟು: ಬೆಳಕು ಕಣ್ಣಿನ ನೇರಕ್ಕೇ ಹೋಗುವುದರಿಂದ ವಸ್ತುವಿನ ನೆರಳು ಅದರ ಹಿಂದೆಯೇ ಅಡಗುತ್ತದೆ. ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಅದೇ ಅಗಲ ಬೆಳಕಿನ ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿದು ನೆಲದ ಮೇಲೆ ಓರೆಯಾಗಿ ಬಿಟ್ಟರೆ ಸಣ್ಣ ಕೋಲಿಗೂ ಉದ್ದ ನೆರಳು ಬೀಳುತ್ತದೆ. ಹಾವಾದರೆ ಬೇಗ ಕಣ್ಣಿಗೆ ಬೀಳುತ್ತದೆ.

ಹಾವು ಕಂಡರೆ ಹೊಡೆಯುವುದು ಬೇಡ. ಕೇರಳ ಅರಣ್ಯ ಇಲಾಖೆ 2020ರಲ್ಲಿ ತಂದ 'ಸರ್ಪ' ಆ್ಯಪ್ ಮೂಲಕ ತರಬೇತಿ ಪಡೆದವರನ್ನು ಕರೆಯಬಹುದು. ಕಚ್ಚಿದರೆ ಮಂತ್ರ, ಮದ್ದು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ.

ಸುರಂಗಕ್ಕೆ ಟಾರ್ಚ್ ಒಂದೇ ಸಾಲದು

ಪಡ್ರೆ, ಬಾಯಾರು, ಪೈವಳಿಕೆ ಕಡೆಯ ಸುರಂಗದ ನೀರು ಕುಡಿಯುವ ಮನೆಗಳಿಗೆ ಮತ್ತೊಂದು ಮಾತು. ಮಣ್ಣು ಜರಿದದ್ದು ತೆಗೆಯಲು ಒಳಗೆ ಹೋಗುವವರು ಈಗ ಹಣೆಗೆ ಎಲ್‌ಇಡಿ ಕಟ್ಟುತ್ತಾರೆ. ಅನುಕೂಲವೇ. ಆದರೆ ಹಿಂದಿನವರ ಮೊಂಬತ್ತಿಗೆ ಒಂದು ಗುಣ ಇತ್ತು: ಉಸಿರಾಡುವ ಗಾಳಿ ಕಡಿಮೆಯಾದರೆ ಅದು ನಂದುತ್ತಿತ್ತು, ಮನುಷ್ಯ ಹೊರಗೆ ಬರುತ್ತಿದ್ದ. ಟಾರ್ಚ್ ಹಾಗಲ್ಲ. ಮನುಷ್ಯ ಬಿದ್ದ ಮೇಲೂ ಅದು ಉರಿಯುತ್ತಲೇ ಇರುತ್ತದೆ. ಸುರಂಗಕ್ಕಾಗಲಿ ಬಾವಿಗಾಗಲಿ ಇಳಿಯುವವರು ಉರಿಯುವ ದೀಪದಿಂದ ಪರೀಕ್ಷಿಸುವ ಹಳೆಯ ಕ್ರಮ ಬಿಡಬಾರದು. ದೀಪ ಉರಿದರೂ ಬೇರೆ ವಿಷಗಾಳಿ ಇರಬಹುದು. ಆದ್ದರಿಂದ ಹೊರಗೆ ಒಬ್ಬರು ಇಲ್ಲದೆ ಒಳಗೆ ಹೋಗಲೇಬಾರದು.

ಡಬ್ಬಿಯ ಮೇಲಿನ ಬರಹ

ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕೆಗಳಿಗೆ ಮರುಳಾಗುವವರು ಬಹಳ. 'ಬೆಳಕು ಹೋಗುವ ದೂರ' ಎಂದು ಒಳ್ಳೆಯ ಕಂಪನಿಗಳು ಬರೆಯುವುದು, ಬೆಳಕು ತೆಳುವಾಗುತ್ತಾ ಹುಣ್ಣಿಮೆಯ ಬೆಳದಿಂಗಳಷ್ಟು ಉಳಿಯುವ ಜಾಗದವರೆಗಿನ ದೂರ. ಅಲ್ಲಿ ನಿಂತವರ ಮುಖ ಕಾಣುತ್ತದೆ ಎಂದು ಅರ್ಥವಲ್ಲ. 'ಉರಿಯುವ ಹೊತ್ತು' ಎಂದರೆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಸಮಯ. ಪೂರ್ತಿ ಬೆಳಕು ಅಷ್ಟು ಹೊತ್ತು ಇರುವುದಿಲ್ಲ.

ಈಗಿನ ಟಾರ್ಚುಗಳಲ್ಲಿ ಹೆಚ್ಚಿಗೆ ಇರುವುದು 18650 ಎಂಬ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂಬುದೇ ಆ ಹೆಸರು. ಇಷ್ಟು ಸಣ್ಣ ಸೆಲ್ಲಿನಲ್ಲಿ ಒಳ್ಳೆಯ ಕಂಪನಿಗಳೇ ಸಾಮಾನ್ಯವಾಗಿ ತುಂಬುವುದು 3,500 ಮಿಲಿಆಂಪ್ ಅವರ್ ಆಸುಪಾಸು. ಅದರ ಮೇಲೆ 9,900 ಎಂದು ಬರೆದಿದ್ದರೆ ಅಲ್ಲಿಯೇ ಇಟ್ಟು ಬನ್ನಿ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ನೀರು ಹೋಗದ ಟಾರ್ಚೇ ಬೇಕು. ಗಲ್ಫಿನಿಂದ ಬರುವವರು ನೆನಪಿಡಬೇಕಾದದ್ದು: ಬಿಡಿ ಲಿಥಿಯಂ ಸೆಲ್‌ಗಳನ್ನು ವಿಮಾನದಲ್ಲಿ ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು.

"ಮೊಬೈಲಿನಲ್ಲಿ ಲೈಟ್ ಉಂಟಲ್ಲ, ಮತ್ತೆ ಟಾರ್ಚ್ ಯಾಕೆ?" ಎಂದು ಮಕ್ಕಳು ಕೇಳುತ್ತಾರೆ. ಕರೆಂಟ್ ಹೋಗಿ, ಮರ ಬಿದ್ದು, ದಾರಿ ಮುಚ್ಚಿದ ರಾತ್ರಿ ಮೊಬೈಲ್ ಬೇಕಾದದ್ದು ಮಾತಾಡಲಿಕ್ಕೆ. ಅದರ ಚಾರ್ಜ್ ದಾರಿ ನೋಡುವುದರಲ್ಲಿ ಮುಗಿದರೆ ಕರೆಯುವುದು ಯಾರನ್ನು?

ಕೊನೆಗೆ ಒಂದು ಮಾತು. ಗಡಿಯಾಚೆ ಪುತ್ತೂರು, ಸುಳ್ಯ, ವಿಟ್ಲದಲ್ಲಿರುವ ನಮ್ಮ ನೆಂಟರಿಗೂ ಇದು ಹೊಸತಲ್ಲ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಪಂಪು ಹಾಕಲು ತೋಟಕ್ಕೆ ಇಳಿಯುವವರು ಅಲ್ಲಿ ಎಷ್ಟೋ ಮಂದಿ. ರಾಜ್ಯ ಎರಡಾದರೂ ಕತ್ತಲೆ ಒಂದೇ, ಹಾವೂ ಅದೇ.

ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬರುವ ಮಕ್ಕಳಿಗಾಗಿ ಬಸ್‌ಸ್ಟಾಪಿನ ಅಂಗಡಿಯಲ್ಲಿ ಸಂಜೆಯೇ ಟಾರ್ಚ್ ಕೊಟ್ಟು ಹೋಗುವ ತಾಯಂದಿರು ಈಗಲೂ ಇದ್ದಾರೆ. "ಮಗ ಬಂದರೆ ಕೊಡಿ ಆಯ್ತಾ" ಎಂದಷ್ಟೇ ಹೇಳಿ ಹೋಗುತ್ತಾರೆ. ಅದು ಸಾವಿರ ಮೀಟರ್ ಹೋಗುವ ಟಾರ್ಚ್ ಅಲ್ಲ. ಬಸ್ಸಿಳಿದಲ್ಲಿಂದ ಮನೆ ಮೆಟ್ಟಿಲವರೆಗೆ ಹೆಜ್ಜೆ ಕಂಡರೆ ಅವರಿಗೆ ಸಾಕು.