ಗಿಟಾರಿಗೆ ಬೇರೆ ‘ಕುದುರೆ’

ವೀಣೆಯ ಕೊಡದ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಭಾಗಕ್ಕೆ ನಮ್ಮಲ್ಲಿ ಕುದುರೆ ಎನ್ನುತ್ತಾರೆ. ಗಿಟಾರಿನಲ್ಲಿ ಅದೇ ಬ್ರಿಜ್. ಎಲೆಕ್ಟ್ರಿಕ್ ಗಿಟಾರಿಗೆ ಬೇರೆ ಬಗೆಯ ಬ್ರಿಜ್ ಕೂರಿಸುವುದೆಂದರೆ ಬರೀ ತಿರುಪು ಬಿಚ್ಚಿ ಹಾಕುವ ಕೆಲಸವಲ್ಲ.

ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಸ್ವರ ತಪ್ಪಿದರೆ ಮೆಟ್ಟಿಲನ್ನೇ ಸರಿಸಬಹುದು. ಗಿಟಾರಿನ ಫ್ರೆಟ್‌ಗಳಾದರೋ ಮರಕ್ಕೆ ಬಡಿದು ಕೂರಿಸಿದವು, ಕದಲವು. 12ನೇ ಫ್ರೆಟ್ ತಂತಿಯ ಸರಿಸುಮಾರು ನಡುವಿಗೆ ಬರಬೇಕು. ಫೆಂಡರ್ ಸ್ಟ್ರಾಟೊಕ್ಯಾಸ್ಟರಿನ ತಂತಿಯ ಅಳತೆ 25.5 ಅಂಗುಲ, ಅರ್ಧಕ್ಕೆ 12.75. ಹೊಸ ಬ್ರಿಜ್ ಜಾಗ ತಪ್ಪಿದರೆ, ಕೆಳಗೆ ಶ್ರುತಿಯಲ್ಲಿದ್ದ ತಂತಿ ಮೇಲೆ ಹೋದಂತೆ ಅಪಸ್ವರ ನುಡಿಯುತ್ತದೆ. ತಿರುಪಿನಿಂದ ತುಸು ತಿದ್ದಬಹುದು, ಹೆಚ್ಚಿಲ್ಲ.

ಇನ್ನು ಮರದ ಮಾತು. 1954ರಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರಿನ ಬೆನ್ನಿನಲ್ಲಿ ಸ್ಪ್ರಿಂಗುಗಳಿಗೆಂದೇ ಗುಳಿಯಿದೆ. ಹಿಡಿ ಒತ್ತಿದರೆ ತಂತಿ ಸಡಿಲಿ ಸ್ವರ ಇಳಿಯುತ್ತದೆ. 1970ರ ದಶಕದ ಕೊನೆಗೆ ಅಮೆರಿಕದ ಫ್ಲಾಯ್ಡ್ ರೋಸ್, ತಂತಿಯನ್ನು ಬಿಗಿದು ಹಿಡಿದು ಶ್ರುತಿ ಕಾಯುವ ಏರ್ಪಾಟು ತಂದರು. ಗುಳಿಯೇ ಇಲ್ಲದ ಗಿಟಾರಿಗೆ ಇದು ಬೇಕೆಂದರೆ ಮರ ಕೊರೆಯಬೇಕು, ಕತ್ತಿನ ತುದಿಯಲ್ಲೂ ಕೆಲಸವಿದೆ.

ಹಲಸಿನ ಮರ ಕೆತ್ತಿ ಬಲ್ಲ ಆಲೆಟ್ಟಿಯ ಬಡಗಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೊರೆದ ಜಾಗಕ್ಕೆ ಮರದ ತುಂಡು ಅಂಟಿಸಬಹುದು, ಗುರುತು ಮಾತ್ರ ಉಳಿಯುತ್ತದೆ. ಹಳೆಯ ವಾದ್ಯವಾದರೆ ಬೆಲೆಯೂ ಇಳಿಯುತ್ತದೆ.